ವೇಗ ತೂಗುವ ತಕ್ಕಡಿ ಮಾವ

ಬೆಳಗಿನ ಐದೂಮುಕ್ಕಾಲು. ಮೂರನೇ ಮಹಡಿಯ ಕೊನೆಯ ಕೋಣೆಯ ಬಾಗಿಲನ್ನು ಭುಜದಿಂದ ನೂಕಿಕೊಂಡು ಐವತ್ತೆಂಟು ವರ್ಷದ ಒಬ್ಬರು ಒಳಗೆ ಬರುತ್ತಾರೆ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ತಮ್ಮದೇ ಚಪ್ಪಲಿ. ಚಪ್ಪಲಿಯನ್ನು ಹೊರಗೆ ಬಿಡಬಹುದಲ್ಲ ಎಂದರೆ, "ಕೆಳಗಿನ ಮಹಡಿಯಲ್ಲೊಂದು ನಾಯಿ ಇದೆ. ಎರಡೂ ಹೊತ್ಕೊಂಡು ಹೋದ್ರೆ ನನಗೇನೂ ಬೇಜಾರಿಲ್ಲ. ಅದು ಒಂದೇ ಹೊತ್ಕೊಂಡು ಹೋಗುತ್ತೆ" ಎನ್ನುತ್ತಾರೆ.

ದೀಪ ಹಾಕುವುದಿಲ್ಲ. ಗೋಡೆಯುದ್ದಕ್ಕೂ ಸಾಲಾಗಿ ಕೂತಿರುವ ಆರು ಕಂಪ್ಯೂಟರುಗಳ ಹತ್ತಿರ ಹೋಗಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಒಂದೊಂದರ ಮೇಲೂ ಅಂಗೈ ಇಡುತ್ತಾರೆ. ಆರಕ್ಕೂ ಅಡ್ಡಹೆಸರುಗಳಿವೆ. ಸದಾ ಗುರ್ ಎನ್ನುವುದು ಗೊಣಗಪ್ಪ. ಶುರುವಾಗಲು ನಾಲ್ಕು ನಿಮಿಷ ತೆಗೆದುಕೊಳ್ಳುವುದು ಸೋಮಾರಿ. ಎರಡು ಒಂದೇ ದಿನ ಬಂದವು, ಅವು ಅವಳಿ. ಉಳಿದೆರಡರಲ್ಲಿ ಒಂದು ಹೊಸ ಸೊಸೆ. ಇನ್ನೊಂದಕ್ಕೆ ಏನೆಂದು ಕರೆಯುತ್ತೀರಿ ಎಂದರೆ ಹಿಂದೆ ಮುಂದೆ ನೋಡಿ, "ಅದು ನಮ್ಮ ಮುಖ್ಯಸ್ಥರ ಹೆಸರು, ಬರೀಬೇಡಿ" ಎಂದು ನಗುತ್ತಾರೆ.

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ತಕ್ಕಡಿ ಮಾವ ಎಂದು. ಕೆಲಸ, ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ದಿನದಿನವೂ ಪರೀಕ್ಷೆಗೆ ಕೂರಿಸುವುದು ಮತ್ತು ಅದರ ವೇಗವನ್ನು ಅಳೆಯುವುದು. ಆ ಭಾಷೆಗೊಂದು ಹೆಸರಿದೆ. ಆದರೆ ಮನೆಯ ಮಗುವನ್ನು ಎಲ್ಲರೂ ಪಾಪು ಎಂದೇ ಕರೆಯುವಂತೆ, ಈ ಕಟ್ಟಡದಲ್ಲಿ ಅದು ಬರಿಯ 'ಭಾಷೆ'. ಬಸ್ಸಿನ ಟಿಕೆಟ್ ಯಂತ್ರ, ಅಂಗಡಿಯ ತೂಕದ ಯಂತ್ರ, ನೀರು ಸರಬರಾಜಿನ ಪಂಪು, ಆಸ್ಪತ್ರೆಯ ದಾಖಲೆ ಕೋಣೆ, ಹೀಗೆ ಕಣ್ಣಿಗೆ ಬೀಳದ ನೂರೆಂಟು ಕಡೆ ಇದರಲ್ಲಿ ಬರೆದ ಕೋಡ್ ಓಡುತ್ತಿದೆ. ಭಾಷೆಯನ್ನು ಕಾಪಾಡುವವರು ಈ ಕಟ್ಟಡದಲ್ಲಿ ಹದಿನಾಲ್ಕು ಮಂದಿ. ಹೊರಗೆ, ತಮ್ಮ ತಮ್ಮ ಊರುಗಳಲ್ಲಿ ಕೂತು ಬಿಡುವಿನಲ್ಲಿ ಸುಧಾರಣೆ ಬರೆದು ಕಳಿಸುವವರು ಸಾವಿರದ ಹತ್ತಿರ. ಯಾರು ಏನೇ ಬದಲಾಯಿಸಲಿ, ಅದು ಮೊದಲು ಮಾವನ ಕೋಣೆಯನ್ನು ದಾಟಬೇಕು.

"ಪರೀಕ್ಷೆ ಅಂದ್ರೆ ಏನೂ ಇಲ್ಲ. ಒಂದು ಪ್ರಶ್ನೆ, ಒಂದು ಗೊತ್ತಿರೋ ಉತ್ತರ. ಸೊನ್ನೆಯಿಂದ ಭಾಗಿಸಿದ್ರೆ ಏನು ಹೇಳ್ಬೇಕು? ಖಾಲಿ ಪಟ್ಟಿ ಕೊಟ್ಟು ಮೊದಲನೇ ಹೆಸರು ಯಾವುದು ಅಂದ್ರೆ ಏನು ಹೇಳ್ಬೇಕು? ಫೆಬ್ರವರಿ ಇಪ್ಪತ್ತೆಂಟಾದ ಮೇಲೆ ಯಾವ ದಿನ? ಸರಿ ಹೇಳಿದ್ರೆ ಹಸಿರು, ತಪ್ಪು ಹೇಳಿದ್ರೆ ಕೆಂಪು" ಎಂದು ಅವರು ಪರದೆ ತೋರಿಸುತ್ತಾರೆ. ಅಂಥ ಪ್ರಶ್ನೆಗಳು ಇಪ್ಪತ್ತೆರಡು ಸಾವಿರದ ನಾನ್ನೂರ ಹದಿನಾರು. ಪ್ರತಿ ಬದಲಾವಣೆಗೂ ಅಷ್ಟನ್ನೂ ಕೇಳಲು ಕಂಪ್ಯೂಟರಿಗೆ ಮೂವತ್ತೆಂಟು ನಿಮಿಷ ಬೇಕು. ಉತ್ತರವೆಲ್ಲ ಸರಿಯಿದ್ದರೆ ಮುಂದಿನದು ವೇಗದ ಸರದಿ. ಅರವತ್ತನಾಲ್ಕು ಪ್ರೋಗ್ರಾಮುಗಳನ್ನು ಹಳೆಯ ಭಾಷೆಯಲ್ಲಿ ಮೂವತ್ತು ಸಲ, ಬದಲಾದ ಭಾಷೆಯಲ್ಲಿ ಮೂವತ್ತು ಸಲ ಓಡಿಸಿ, ಯಾವುದು ಬೇಗ ಮುಗಿಸಿತು ಎಂದು ನೋಡುವುದು. ಬದಲಾವಣೆಯಿಂದ ಭಾಷೆ ನಿಧಾನವಾದರೆ ಅದು ವಾಪಸ್.

ಎಲ್ಲವೂ ತಾನಾಗಿಯೇ ನಡೆಯುತ್ತದಲ್ಲ, ಹಾಗಾದರೆ ನಿಮಗೇನು ಕೆಲಸ? ಈ ಪ್ರಶ್ನೆಯನ್ನು ನೆಂಟರ ಮನೆಯ ಮದುವೆಗಳಲ್ಲಿ ಕೇಳಿ ಕೇಳಿ ಮಾವ ಉತ್ತರವನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. "ಗಡಿಯಾರ ತಾನಾಗೇ ಓಡುತ್ತೆ. ಓಡ್ತಾ ಇದೆ ಅಂದ ಮಾತ್ರಕ್ಕೆ ಸರಿಯಾದ ಟೈಮ್ ತೋರಿಸ್ತಿದೆ ಅಂತ ಅಲ್ಲವಲ್ಲ. ಅದನ್ನ ಯಾರಾದ್ರೂ ನೋಡ್ಬೇಕು."

ಈ ಬೆಳಗ್ಗೆ ಎರಡು ಕೆಂಪು ಬಂದಿವೆ. ಮಾವ ನಾಲಗೆಯನ್ನು ಹಲ್ಲಿಗೆ ತಾಗಿಸಿ ಚ್ ಎನ್ನುತ್ತಾರೆ. "ಪಾಪ, ಯಾರೋ ರಜಾ ದಿನ ಪೂರ್ತಿ ಕೂತು ಬರೆದಿದ್ದಾರೆ." ಬಳಿಕ ಎರಡೇ ಬೆರಳಿನಲ್ಲಿ, ಒಂದೊಂದು ಅಕ್ಷರವನ್ನೂ ಕುಟ್ಟುತ್ತ, ಆ ಕಾಣದವರಿಗೆ ಒಂದು ಟಿಪ್ಪಣಿ ಬರೆಯುತ್ತಾರೆ. ನಿಮ್ಮ ಯೋಚನೆ ಚೆನ್ನಾಗಿದೆ, ಖಾಲಿ ಪಟ್ಟಿ ಕೊಟ್ಟಾಗ ಮಾತ್ರ ಮುಗ್ಗರಿಸುತ್ತಿದೆ, ಹದಿನೇಳನೇ ಸಾಲು ನೋಡಿ. ಇಂಥ ಟಿಪ್ಪಣಿ ದಿನಕ್ಕೆ ಆರೇಳು. ಕಂಪ್ಯೂಟರೇ 'ವಿಫಲ' ಎಂದು ಕಳಿಸುತ್ತದೆ, ಮತ್ತೆ ಇದೇಕೆ ಎಂದು ಕೇಳಿದೆ. "ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರಲ್ಲ. ನನ್ನ ಕೈಯಲ್ಲಿರೋದು ದೊಣ್ಣೆನೇ. ಆದ್ರೆ ನಾನು ತಟ್ಟಿ ನೋಡೋನು. ಎಲ್ಲಿ ಬಿರುಕಿದೆ ಅಂತ ಹೇಳ್ದೆ ಸುಮ್ಮನೆ ಮಡಕೆ ವಾಪಸ್ ಕಳಿಸಿದ್ರೆ ಅವನಿಗೇನು ಗೊತ್ತಾಗುತ್ತೆ?"

ತಕ್ಕಡಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಮಾವನ ತಂದೆ ತಕ್ಕಡಿ ರಿಪೇರಿ ಮಾಡುತ್ತಿದ್ದವರು. ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ, ಅದರೊಳಗೆ ಹಿತ್ತಾಳೆಯ ತೂಕದ ಬಟ್ಟುಗಳು, ಅರ, ಎಣ್ಣೆಬುಡ್ಡಿ. ಹತ್ತನೇ ತರಗತಿ ಮುಗಿದ ಕೂಡಲೇ ಮಗನೂ ಆ ಸೈಕಲ್ ಹತ್ತಿದರು. ತಂದೆ ಕಲಿಸಿದ ಮೊದಲ ಪಾಠ, ಏನನ್ನಾದರೂ ತೂಗುವ ಮೊದಲು ಖಾಲಿ ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲಬೇಕು. ಎರಡನೇ ಪಾಠ, ಅನುಮಾನ ಬಂದರೆ ಎಡದ ತಟ್ಟೆಯದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಬೇಕು. "ಸಾಮಾನು ಹೆಚ್ಚಿದ್ರೆ ಸಾಮಾನಿನ ಕಡೆಗೇ ತೂಗುತ್ತೆ. ತಕ್ಕಡಿ ಕೆಟ್ಟಿದ್ರೆ ಯಾವುದು ಹಾಕಿದ್ರೂ ಒಂದೇ ಕಡೆಗೆ ತೂಗುತ್ತೆ. ನಮ್ಮಪ್ಪ ಶಾಲೆಗೆ ಹೋದೋರಲ್ಲ. ಇದನ್ನ ಯಾರು ಹೇಳ್ಕೊಟ್ರೋ."

ಬ್ಯಾಟರಿ ಹಾಕುವ ತೂಕದ ಯಂತ್ರಗಳು ಅಂಗಡಿಗಳಿಗೆ ಬಂದಾಗ ಸೈಕಲ್ಲಿಗೆ ಕೆಲಸ ಕಡಿಮೆಯಾಯಿತು. ಬೇರೆಯವರು ಕಸುಬು ಬಿಟ್ಟರು. ಮಾವ ಒಂದು ಕೆಟ್ಟ ಯಂತ್ರವನ್ನು ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡರು. ಒಳಗೆ ಮುಳ್ಳಿಲ್ಲ, ದಂಡವಿಲ್ಲ, ಒಂದು ಚಿಪ್ ಇದೆ, ಆ ಚಿಪ್ಪಿನೊಳಗೆ ಯಾರೋ ಬರೆದ ಕೋಡ್ ಇದೆ. ಅದು ಈ ಭಾಷೆಯ ಕೋಡ್. ಭಾಷೆಯ ಮುನ್ನೂರು ಪುಟದ ಕೈಪಿಡಿಯನ್ನು ಓದಿ ಮುಗಿಸಲು ಹನ್ನೊಂದು ತಿಂಗಳು ಹಿಡಿಯಿತು. ಓದಿದವರು ಒಬ್ಬರಲ್ಲ, ಇಬ್ಬರು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂರುವ ಅವರ ಹೆಂಡತಿ ಕೆಲಸ ಮುಗಿಸಿ ಬಂದು ಗಟ್ಟಿಯಾಗಿ ಓದುತ್ತಿದ್ದರು, ಇವರು ಪಾತ್ರೆ ತೊಳೆಯುತ್ತ ಕೇಳುತ್ತಿದ್ದರು. "ನನಗೂ ಅರ್ಧ ಭಾಷೆ ಬರುತ್ತೆ. ಆದ್ರೆ ಪಾತ್ರೆ ತೊಳಿಯೋರು ಸಿಕ್ಕಿದಾಗ ಯಾಕೆ ಬೇಗ ಓದಿ ಮುಗಿಸ್ಬೇಕು ಅಂತ ನಿಧಾನಕ್ಕೆ ಓದ್ತಿದ್ದೆ" ಎಂದು ಹೆಂಡತಿ ಈಗ ಒಪ್ಪಿಕೊಳ್ಳುತ್ತಾರೆ.

ಒಂದು ದಿನ ತರಕಾರಿ ಮಾರುವ ಹೆಂಗಸೊಬ್ಬರು ಯಂತ್ರ ಹಿಡಿದುಕೊಂಡು ಬಂದರು. ಅರ್ಧ ಕಿಲೋ ಒಟ್ಟಿಗೆ ಹಾಕಿದರೆ ಸರಿ ತೋರಿಸುತ್ತದೆ, ಒಂದೊಂದೇ ಕಾಯಿ ಸೇರಿಸುತ್ತ ಹೋದರೆ ಐದು ಗ್ರಾಂ ಹೆಚ್ಚು ತೋರಿಸುತ್ತದೆ, ಗಿರಾಕಿಗಳು ನನ್ನನ್ನು ಕಳ್ಳಿ ಅನ್ನುತ್ತಿದ್ದಾರೆ ಎಂದು ಅವರ ದೂರು. ಮಾವ ಮೂರು ವಾರ ಹುಡುಕಿದರು. ತಪ್ಪು ಯಂತ್ರದಲ್ಲಿರಲಿಲ್ಲ. ಸಣ್ಣ ಸಣ್ಣ ಅಂಕಿಗಳನ್ನು ಕೂಡಿಸುವ ಕಡೆ ಭಾಷೆಯೇ ಎಡವುತ್ತಿತ್ತು. ಹದಿನಾಲ್ಕು ಸಾಲಿನ ಒಂದು ಪುಟ್ಟ ಪ್ರೋಗ್ರಾಮ್ ಬರೆದು, ಕಾಗದದೊಂದಿಗೆ ಈ ಕಟ್ಟಡಕ್ಕೆ ಅಂಚೆಯಲ್ಲಿ ಕಳಿಸಿದರು.

ಆ ಕಾಗದವನ್ನು ಒಡೆದು ಓದಿದವರು ಈಗಿನ ಮುಖ್ಯಸ್ಥೆ. "ಜನ ಸಾಮಾನ್ಯವಾಗಿ 'ಕೆಲಸ ಮಾಡ್ತಿಲ್ಲ' ಅಂತ ಬರೆದು ಬಿಡ್ತಾರೆ. ಇವರು ಏನು ಕೊಟ್ರೆ ಏನು ಬರ್ಬೇಕು, ಏನು ಬರ್ತಿದೆ, ಎಷ್ಟು ಸಲ ಮಾಡಿ ನೋಡ್ದೆ, ಅಷ್ಟನ್ನೂ ಬರೆದಿದ್ರು. ಕೊನೇಲಿ 'ತರಕಾರಿಯವರ ಮರ್ಯಾದೆ ಪ್ರಶ್ನೆ, ದಯವಿಟ್ಟು ಬೇಗ ನೋಡಿ' ಅಂತಿತ್ತು. ಕಾಗದ ಮಡಚೋಕೆ ಮುಂಚೆನೇ ಇವರನ್ನ ಇಲ್ಲಿಗೆ ಕರೆಸ್ಬೇಕು ಅಂತ ತೀರ್ಮಾನ ಮಾಡಿದ್ದೆ" ಎನ್ನುತ್ತಾರೆ ಅವರು.

ಬಂದ ಹೊಸತರಲ್ಲಿ ಸುಲಭವಿರಲಿಲ್ಲ. ದೊಡ್ಡ ದೊಡ್ಡ ಪದವಿಯವರ ನಡುವೆ ಹತ್ತನೇ ತರಗತಿಯವರು. ತಕ್ಕಡಿ ರಿಪೇರಿಯವರು ನಮ್ಮ ಕೋಡ್ ತೂಗುತ್ತಾರಂತೆ ಎಂದು ಮೆಟ್ಟಿಲಲ್ಲಿ ಯಾರೋ ಅಂದದ್ದು ಕಿವಿಗೆ ಬಿದ್ದಿತ್ತು. ಮಾವ ಮರುದಿನ ಮನೆಯಿಂದ ಹಿತ್ತಾಳೆ ಬಟ್ಟುಗಳ ಪೆಟ್ಟಿಗೆಯನ್ನೇ ತಂದು ತಮ್ಮ ಕೋಣೆಯಲ್ಲಿಟ್ಟರು. "ಹೌದು, ತಕ್ಕಡಿಯವನೇ ಅಂತ ನಾನೇ ಹೇಳ್ಕೊಂಡ್ರೆ ಅವರಿಗೆ ಹೇಳೋಕೇನು ಉಳಿಯುತ್ತೆ?" ಆಗಿನಿಂದ ಅದೇ ಹೆಸರು. ಮೆಟ್ಟಿಲಲ್ಲಿ ಹಾಗೆ ಅಂದಿದ್ದವರು ಈಗ ವಾರಕ್ಕೆರಡು ಸಲ ಇದೇ ಕೋಣೆಗೆ ಬಂದು, "ಮಾವ, ಕಳಿಸೋ ಮುಂಚೆ ಒಂದ್ಸಲ ನೋಡಿ ಹೇಳಿ" ಎಂದು ಕುರ್ಚಿ ಎಳೆದುಕೊಳ್ಳುತ್ತಾರೆ.

ಬಟ್ಟುಗಳ ಜೊತೆ ತಂದೆಯ ಪಾಠವೂ ಇಲ್ಲಿಗೆ ಬಂದಿತು. ಹಳೆಯ ಭಾಷೆಯನ್ನು ಹಳೆಯ ಭಾಷೆಯ ಜೊತೆಗೇ ಓಟಕ್ಕೆ ಬಿಡುವುದು ಮಾವ ತಂದ ಪದ್ಧತಿ. ಎರಡೂ ಒಂದೇ ಆದ್ದರಿಂದ ಫಲಿತಾಂಶ ಸಮ ಬರಬೇಕು. ಬಂದರೆ ಅಳತೆ ಸರಿಯಿದೆ ಎಂದರ್ಥ. ಇದಕ್ಕೆ ಅವರಿಟ್ಟ ಹೆಸರು ಖಾಲಿ ತೂಕ. ದಿನವೂ ಬೆಳಗ್ಗೆ ಆರಕ್ಕೆ ಖಾಲಿ ತೂಕ ಹಾಕಿ, ಮುಳ್ಳು ನೆಟ್ಟಗಿದೆ ಎಂಬರ್ಥದಲ್ಲಿ ಪೆನ್ಸಿಲಿನಿಂದ ಒಂದು ಪುಸ್ತಕದಲ್ಲಿ 'ನಿಂತಿದೆ' ಎಂದು ಬರೆಯುತ್ತಾರೆ. ಎಂಟು ವರ್ಷದ 'ನಿಂತಿದೆ'ಗಳು ಆ ಪುಸ್ತಕದಲ್ಲಿವೆ.

ಆದರೂ ಕಳೆದ ವರ್ಷ ತಕ್ಕಡಿ ಕೆಟ್ಟಿತ್ತು. ಹದಿಮೂರು ತಿಂಗಳು ಕೆಟ್ಟಿತ್ತು, ಯಾರಿಗೂ ತಿಳಿದಿರಲಿಲ್ಲ.

ಅದು ತಿಳಿದದ್ದು ಒಂದು ಪುಟ್ಟ ಸಂದೇಶದಿಂದ. ಬೇರೆ ಊರಿನ ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಗುಮಾಸ್ತೆಯಾಗಿರುವ ಹೆಣ್ಣುಮಗಳೊಬ್ಬರು ಏಳು ತಿಂಗಳಲ್ಲಿ ನಾಲ್ಕು ಸಲ ಸುಧಾರಣೆ ಬರೆದು ಕಳಿಸಿದ್ದರು. ನಾಲ್ಕೂ ಸಲ ಉತ್ತರಗಳೆಲ್ಲ ಹಸಿರು. ನಾಲ್ಕೂ ಸಲ ವೇಗದಲ್ಲಿ ಸೋತು ವಾಪಸ್. ಕೊನೆಯ ಸಲ ಅವರು ಬರೆದರು: 'ನನ್ನ ಕಂಪ್ಯೂಟರಿನಲ್ಲಿ ವೇಗವಾಗಿಯೇ ಓಡುತ್ತದೆ. ನಿಮ್ಮಲ್ಲಿ ಯಾಕೆ ನಿಧಾನವೋ ತಿಳಿಯದು. ನನ್ನಲ್ಲೇ ಏನೋ ಕೊರತೆ ಇರಬೇಕು. ಇನ್ನು ತೊಂದರೆ ಕೊಡುವುದಿಲ್ಲ.'

ಮಾವ ಅದನ್ನು ಬೆಳಗ್ಗೆ ಆರೂವರೆಗೆ ಓದಿದರು. ಖಾಲಿ ತೂಕ ಆಗಷ್ಟೇ ಹಾಕಿದ್ದರು, ನಿಂತಿತ್ತು. ತಪ್ಪು ನಮ್ಮದಲ್ಲ ಎಂದು ಉತ್ತರ ಬರೆಯಲು ಕೂತರು. ಬೆರಳು ಓಡಲಿಲ್ಲ. "ಅವಳು ಜಗಳ ಆಡಿದ್ರೆ ನಾನೂ ಆಡ್ತಿದ್ದೆ. ನನ್ನಲ್ಲೇ ಕೊರತೆ ಅಂದುಬಿಟ್ಲಲ್ಲ, ಅದು ಎದೆಗೆ ನಾಟಿತು" ಎನ್ನುತ್ತಾರೆ. ತರಕಾರಿಯ ಹೆಂಗಸು ಕಣ್ಣ ಮುಂದೆ ಬಂದರಂತೆ.

ಮಾವನ ಪಾಳಿ ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಯುತ್ತದೆ. ವೇಗದ ಓಟಗಳು ಶುರುವಾಗುವುದು ಅವರು ಹೋದ ಮೇಲೆ, ಒಂದು ಗಂಟೆಗೆ. ಯಾರೂ ಇರಬೇಕಾಗಿಲ್ಲ, ಕಂಪ್ಯೂಟರುಗಳೇ ಓಡಿಸಿಕೊಂಡು ಅಂಕಿ ಬರೆದಿಡುತ್ತವೆ. ಅವತ್ತು ಮಾವ ಮನೆಗೆ ಹೋಗಲಿಲ್ಲ. ಮೂರು ಗಂಟೆಯ ಹೊತ್ತಿಗೆ, ಓಟಗಳನ್ನೆಲ್ಲ ನಿಲ್ಲಿಸಿ, ಮತ್ತೊಮ್ಮೆ ಖಾಲಿ ತೂಕ ಹಾಕಿದರು. ಹಳೆಯದರ ಎದುರು ಹಳೆಯದು. ಎರಡನೆಯದಾಗಿ ಓಡಿದ್ದು ನೂರಕ್ಕೆ ಹತ್ತರಷ್ಟು ನಿಧಾನ ಬಂತು.

ಕಣ್ಣುಜ್ಜಿಕೊಂಡು ಮತ್ತೆ ಹಾಕಿದರು. ಮತ್ತೆ ಎರಡನೆಯದೇ ನಿಧಾನ. ತಟ್ಟೆ ಅದಲು ಬದಲು ಮಾಡಿದರು, ಅಂದರೆ ಮೊದಲು ಓಡಿದ್ದನ್ನು ಎರಡನೆಯದಾಗಿ ಓಡಿಸಿದರು. ಆಗಲೂ ಎರಡನೆಯದಾಗಿ ಓಡಿದ್ದೇ ನಿಧಾನ. ಯಾವುದು ಓಡಲಿ, ಹಿಂದೆ ಓಡಿದ್ದು ಸೋಲುತ್ತಿತ್ತು. ಮತ್ತು ಈ ಕೋಣೆಯಲ್ಲಿ ಯಾವಾಗಲೂ ಹಳೆಯದು ಮೊದಲು, ಹೊಸದು ಹಿಂದೆ. ಎದ್ದು ಗೊಣಗಪ್ಪನ ಮೇಲೆ ಅಂಗೈ ಇಟ್ಟವರು ಚಟ್ಟನೆ ತೆಗೆದರು. ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು. ಕಂಪ್ಯೂಟರ್ ಕಾದರೆ ತನ್ನನ್ನು ತಾನು ಉಳಿಸಿಕೊಳ್ಳಲು ಓಟ ತಗ್ಗಿಸುತ್ತದೆ. ಪ್ರತಿ ಜೋಡಿ ಓಟದ ಮೊದಲು ಸಿಗುವ ಬಿಡುವಿನಿಂದ ಹಳೆಯ ಭಾಷೆ ಓಡುವಾಗ ತಣ್ಣಗಿರುತ್ತಿದ್ದ ಯಂತ್ರ, ಹೊಸದರ ಸರದಿ ಬರುವಷ್ಟರಲ್ಲಿ ಕಾದು ಕೆಂಡವಾಗುತ್ತಿತ್ತು. ಬೆಳಗಿನ ಆರು ಗಂಟೆಯ ತಂಪಿನಲ್ಲಿ ಹಾಕಿದ ಖಾಲಿ ತೂಕಕ್ಕೆ ಇದು ಸಿಗುವ ಮಾತೇ ಇಲ್ಲ.

ಯಾಕೆ ಇಷ್ಟು ಬಿಸಿ ಎಂದು ಹುಡುಕಿದರೆ, ಗೋಡೆಯಲ್ಲಿ ಗಾಳಿ ಹೊರಹೋಗುವ ಕಿಂಡಿಗೆ ಅಡ್ಡವಾಗಿ ಒಂದು ಕಬ್ಬಿಣದ ಬೀರು ನಿಂತಿತ್ತು. ಅದನ್ನು ಹದಿಮೂರು ತಿಂಗಳ ಹಿಂದೆ ಅಲ್ಲಿ ನಿಲ್ಲಿಸಿದವರು ಸಾಕ್ಷಾತ್ ತಕ್ಕಡಿ ಮಾವ. ಹಿತ್ತಾಳೆ ಬಟ್ಟುಗಳನ್ನು ಇಡಲು.

"ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು ನೋಡಿ" ಎನ್ನುವಾಗ ಅವರು ಈಗ ನಗುತ್ತಾರೆ. ಅವತ್ತು ನಗಲಿಲ್ಲ. ಡಬ್ಬಿ ಹಾಗೆಯೇ ಮನೆಗೆ ಹೋಯಿತು. "ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಡಬ್ಬಿ ತುಂಬಿಕೊಂಡು ವಾಪಸ್ ಬಂದಿದ್ದು ಎರಡೇ ಸಲ. ಮೊದಲನೇ ಸಲ ನಾನು ಉಪ್ಪಿನ ಬದಲು ಸಕ್ಕರೆ ಹಾಕಿದ್ದೆ. ಈ ಸಲ ನನ್ನ ತಪ್ಪಿರಲಿಲ್ಲ, ಹಾಗಾಗಿ ಗಾಬರಿಯಾಯ್ತು" ಎಂದು ಹೆಂಡತಿ ನೆನೆಸಿಕೊಳ್ಳುತ್ತಾರೆ. ಅವರಿಗೆ ಮಾವ ಎಲ್ಲ ಹೇಳಿದರು. ಸುಮ್ಮನೆ ಬೀರುವನ್ನು ಆಚೆ ಸರಿಸಿಬಿಟ್ಟರೆ ನಾಳೆಯಿಂದ ಎಲ್ಲ ಸರಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂಬುದನ್ನೂ ಹೇಳಿದರು. ಹೊಸ ಆವೃತ್ತಿಯ ಬಿಡುಗಡೆಗೆ ಇನ್ನು ಮೂರೇ ವಾರವಿತ್ತು. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಇನ್ನು ಮೇಲೆ ತೂಗೋದು ಸರಿ. ಆಗಲೇ ತೂಗಿ ಕಳಿಸಿದ್ದೀರಲ್ಲ, ಅವರ ಕಥೆ?"

ಮರುದಿನ ಹತ್ತು ಗಂಟೆಗೆ ಹದಿನಾಲ್ಕು ಮಂದಿಯೂ ಸೇರಿದ ಸಭೆಯಲ್ಲಿ ಮಾವ ಎದ್ದು ನಿಂತರು. ಕೈಯಲ್ಲಿ ಅಂಕಿಗಳ ಒಂದು ಹಾಳೆ. ಹದಿಮೂರು ತಿಂಗಳಲ್ಲಿ ವೇಗ ಸಾಲದೆಂದು ನಲವತ್ತೊಂದು ಬದಲಾವಣೆಗಳನ್ನು ವಾಪಸ್ ಕಳಿಸಿದ್ದೇವೆ, ಅವುಗಳಲ್ಲಿ ಎಷ್ಟು ನಿಜವಾಗಿ ನಿಧಾನವೋ ಗೊತ್ತಿಲ್ಲ, ಬೀರು ಇಟ್ಟವನು ನಾನು ಎಂದರು. ತಮ್ಮ ಕೆಲಸ ಹೋಯಿತು ಎಂದೇ ಅವರಿಗೆ ಅನಿಸಿತಂತೆ.

ಮುಖ್ಯಸ್ಥೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಸರಿ. ಬಿಡುಗಡೆ ಮುಂದಕ್ಕೆ ಹೋಗುತ್ತೆ, ಹೋಗ್ಲಿ. ಮೊದಲು ಆ ಬೀರು ಆಚೆ ಹಾಕೋಣ, ನಡೀರಿ ಎಲ್ರೂ."

ಹದಿನಾಲ್ಕು ಮಂದಿ ಬುದ್ಧಿವಂತರು ಸೇರಿ ಒಂದು ಬೀರು ಎತ್ತಿದರೆ ಏನಾಗುತ್ತದೆ ಎಂಬುದನ್ನು ಈ ಕಟ್ಟಡದಲ್ಲಿ ಇಂದಿಗೂ ಹೇಳಿಕೊಂಡು ನಗುತ್ತಾರೆ. ಅದು ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತು. ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ. ಯಾವ ಕೋನದಲ್ಲಿ ಓರೆ ಮಾಡಬೇಕೆಂದು ಒಬ್ಬರು ಕಾಗದದ ಮೇಲೆ ಲೆಕ್ಕ ಹಾಕತೊಡಗಿದರು. ಅಷ್ಟರಲ್ಲಿ ಬೀರುವಿನ ಬಾಗಿಲು ತೆರೆದುಕೊಂಡು ಬಟ್ಟುಗಳು ಹೊರಬಿದ್ದವು. ಎರಡು ಕಿಲೋದ ಬಟ್ಟು ಮೆಟ್ಟಿಲಿಳಿದು ಢಣ್ ಢಣ್ ಎನ್ನುತ್ತ ಕೆಳಗಿನ ಮಹಡಿ ಸೇರಿತು. ಆ ಮಹಡಿಯ ನಾಯಿ ಮೂರು ದಿನ ಮೇಲೆ ಬರಲಿಲ್ಲ. ಮಾವನಿಗೆ ಮೊದಲ ಬಾರಿ ನಗು ಬಂದದ್ದು ಆಗ.

ಮುಂದಿನ ಒಂಬತ್ತು ದಿನ ಮರುತೂಕ. ಹಳೆಯದು ಒಮ್ಮೆ, ಹೊಸದು ಒಮ್ಮೆ, ಮತ್ತೆ ಹೊಸದು, ಮತ್ತೆ ಹಳೆಯದು, ಹೀಗೆ ಸರದಿ ಬದಲಿಸುತ್ತ ಓಡಿಸಿದರು. ಯಂತ್ರ ಕಾದಿದ್ದರೆ ಅದು ತಾನಾಗಿಯೇ 'ತಡೀರಿ' ಎಂದು ನಿಲ್ಲುವ ಹಾಗೆ ಮಾವ ಹನ್ನೆರಡು ಸಾಲು ಬರೆದರು. ಖಾಲಿ ತೂಕ ಈಗ ಬೆಳಗ್ಗೆಯ ಜೊತೆಗೆ ದಿನದಲ್ಲಿ ಇನ್ನೂ ನಾಲ್ಕು ಸಲ, ಯಾವ ಹೊತ್ತಿಗೆ ಎಂದು ಮಾವನಿಗೂ ಗೊತ್ತಿರದಂತೆ, ಕಂಪ್ಯೂಟರೇ ಚೀಟಿ ಎತ್ತಿ ಹಾಕಿಕೊಳ್ಳುತ್ತದೆ. "ಇನ್ಸ್‌ಪೆಕ್ಟರ್ ಬರೋ ಹೊತ್ತು ಗೊತ್ತಿದ್ರೆ ಎಲ್ಲರ ತಕ್ಕಡಿನೂ ಸಾಚಾ ಆಗಿರುತ್ತೆ. ಇದು ನನಗೆ ಚಿಕ್ಕಂದಿನಿಂದ ಗೊತ್ತು. ನನ್ನ ವಿಷಯಕ್ಕೇ ಮರೆತುಬಿಟ್ಟಿದ್ದೆ."

ನಲವತ್ತೊಂದರಲ್ಲಿ ಇಪ್ಪತ್ತೇಳು ನಿಜಕ್ಕೂ ನಿಧಾನವಿದ್ದವು. ಐದರಲ್ಲಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಂಬತ್ತು ವೇಗವಾಗಿದ್ದವು. ಆ ಒಂಬತ್ತರಲ್ಲಿ ಎರಡು ಆಸ್ಪತ್ರೆಯ ಹೆಣ್ಣುಮಗಳವು, ಅವರ ಮೊದಲನೆಯದು ಮತ್ತು ನಾಲ್ಕನೆಯದು.

ಉಳಿದವರಿಗೆಲ್ಲ ಕಾಗದ ಹೋಯಿತು. ಇವರಿಗೆ ಮಾತ್ರ ಮಾವ ನಂಬರ್ ಹುಡುಕಿ ಫೋನ್ ಮಾಡಿದರು. ಆ ಕರೆಯ ಬಗ್ಗೆ ನಾನು ಆ ಹೆಣ್ಣುಮಗಳನ್ನೇ ಕೇಳಿದೆ. ಮೂವತ್ತರ ಆಸುಪಾಸಿನ ದನಿ, ಹಿಂದೆ ಕಬ್ಬಿಣದ ಕಪಾಟುಗಳ ಸದ್ದು. "ಡ್ಯೂಟಿಲಿದ್ದೆ. ಯಾರೋ ವಯಸ್ಸಾದೋರು 'ತಪ್ಪು ನಮ್ಮದು ಕಣಮ್ಮ, ನಾವು ತೂಕ ತಪ್ಪಾಗಿ ನೋಡಿದ್ವಿ' ಅಂದ್ರು. ಆಸ್ಪತ್ರೆ ನಂಬರ್ ತಾನೇ, ಯಾವುದೋ ಮಗುವಿನ ತೂಕ ಅಂದ್ಕೊಂಡೆ. 'ಮಗು ಹೇಗಿದೆ ಈಗ' ಅಂತ ಕೇಳ್ದೆ. ಅವರು 'ಚೆನ್ನಾಗಿದೆ, ನೂರಕ್ಕೆ ಏಳರಷ್ಟು ಚುರುಕಾಗಿದೆ' ಅಂದ್ರು. ಆಮೇಲೆ ಅರ್ಥ ಆಯ್ತು. ಫೈಲ್ ಕಪಾಟಿನ ಸಂದಿಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ, ಖುಷಿಗೇ."

ಅವರು ಬರೆದು ಕಳಿಸಿದ್ದು ಪದಗಳನ್ನು ಹುಡುಕುವ ಭಾಗದ ಸುಧಾರಣೆ. ರೋಗಿಯ ಹೆಸರು ಹೇಳಿದರೆ ಹಳೆಯ ಫೈಲು ಎಲ್ಲಿದೆ ಎಂದು ಹೇಳಲು ದಾಖಲೆ ಕೋಣೆಯ ಕಂಪ್ಯೂಟರಿಗೆ ಹನ್ನೊಂದು ಸೆಕೆಂಡು ಬೇಕಿತ್ತು. ಈಗ ಹತ್ತು ಚಿಲ್ಲರೆ. ಮುಕ್ಕಾಲು ಸೆಕೆಂಡಿಗಾಗಿ ಏಳು ತಿಂಗಳೇ ಎಂದು ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ. "ದಿನಕ್ಕೆ ನಾನ್ನೂರು ಹೆಸರು ಹುಡುಕ್ತೀನಿ. ನೀವೇ ಗುಣಿಸಿ ನೋಡಿ, ಐದು ನಿಮಿಷ ಉಳಿಯುತ್ತೆ. ಮೊದಲು ಕಾಫಿ ನಿಂತ್ಕೊಂಡು ಕುಡೀತಿದ್ದೆ, ಈಗ ಕೂತ್ಕೊಂಡು ಕುಡೀತೀನಿ." ಜೊತೆಗೇ ಸೇರಿಸುತ್ತಾರೆ: "ಸಾಲಲ್ಲಿ ನಿಂತಿರೋರಿಗೂ ಕಾಲು ನೋವು ಅಷ್ಟು ಕಡಿಮೆ."

ಹನ್ನೆರಡು ದಿನ ತಡವಾಗಿ ಹೊಸ ಆವೃತ್ತಿ ಹೊರಬಿತ್ತು. ಯಾರೂ ತಡವಾಯಿತೆಂದು ಬೈಯಲಿಲ್ಲ. ಎಂಟು ವರ್ಷಗಳಲ್ಲೇ ಅತಿ ಚುರುಕಿನ ಆವೃತ್ತಿ ಅದು. ಅದರೊಂದಿಗೆ ಪ್ರಕಟವಾಗುವ ಕೊಡುಗೆದಾರರ ಪಟ್ಟಿಯನ್ನು ಆಸ್ಪತ್ರೆಯ ಹೆಣ್ಣುಮಗಳು ಅಚ್ಚು ಹಾಕಿಸಿ ತಾಯಿಗೆ ತೋರಿಸಿದ್ದಾರೆ. ತಾಯಿಗೆ ಅದೇನೆಂದು ಅರ್ಥವಾಗದಿದ್ದರೂ ಮಗಳ ಹೆಸರಿನ ಕೆಳಗೆ ಕುಂಕುಮದ ಬಣ್ಣದ ಪೆನ್ನಿನಿಂದ ಗೆರೆ ಎಳೆದು ಪಕ್ಕದ ಮನೆಯವರಿಗೆಲ್ಲ ತೋರಿಸಿ ಬಂದರಂತೆ. ಆ ಪಟ್ಟಿಯಲ್ಲಿ ನೂರ ಹನ್ನೆರಡು ಹೆಸರುಗಳಿವೆ. ತಕ್ಕಡಿ ಮಾವನದಿಲ್ಲ. ಯಾಕೆ ಎಂದರೆ, "ಸಾಮಾನಿನ ಮೇಲೆ ಬೆಳೆದೋರ ಹೆಸರಿರ್ಬೇಕು. ತೂಗಿದೋರದ್ದು ಯಾಕೆ? ಸೇರಿಸ್ತೀವಿ ಅಂದ್ರು, ನಾನೇ ಬೇಡ ಅಂದೆ" ಎನ್ನುತ್ತಾರೆ. ಹೆಂಡತಿಗೆ ಮಾತ್ರ ಇದು ಪೂರ್ತಿ ಒಪ್ಪಿಗೆಯಿಲ್ಲ. "ಮುನ್ನೂರು ಪುಟ ಓದಿದ ನನ್ನ ಹೆಸರಾದ್ರೂ ಹಾಕಿಸಬಹುದಿತ್ತು" ಎಂದು ಗೊಣಗುತ್ತಲೇ ನಗುತ್ತಾರೆ.

ಮಾವನ ಮಾತನ್ನೆಲ್ಲ ಕೇಳಿ ಬರೆದುಕೊಂಡು ನಾನು ಏಳಬೇಕು ಎನ್ನುವಷ್ಟರಲ್ಲಿ ಬೆಳಗಿನ ಹತ್ತು ಗಂಟೆ. ಕಿಟಕಿಯಿಂದ ಬಂದ ಬಿಸಿಲು ಮೇಜಿನ ಅರ್ಧಕ್ಕೆ ಬಂದಿದೆ. ಪರದೆಯ ಮೇಲೆ ಹೊಸ ಬದಲಾವಣೆಯೊಂದರ ಫಲಿತಾಂಶ ಮೂಡುತ್ತದೆ. ಮಾವ ಕನ್ನಡಕ ಏರಿಸಿ ನೋಡುತ್ತಾರೆ. ಕಳಿಸಿದವರು ಆಸ್ಪತ್ರೆಯ ಹೆಣ್ಣುಮಗಳೇ. ಮೂರು ಕೆಂಪು.

 ಮಾವ ಅದೇ ಬದಲಾವಣೆಯನ್ನು ಸೋಮಾರಿಯ ಮೇಲೊಮ್ಮೆ, ಅವಳಿಯಲ್ಲೊಂದರ ಮೇಲೊಮ್ಮೆ ಓಡಿಸಲು ಹಚ್ಚಿ, ಕೈ ಕಟ್ಟಿಕೊಂಡು ಕಾಯುತ್ತಾರೆ. ನಾನೂ ಕೂತೆ. ಮುಕ್ಕಾಲು ಗಂಟೆಯ ಬಳಿಕ ಎರಡೂ ಕಡೆ ಅದೇ ಮೂರು ಕೆಂಪು. ಆಗ ಫೋನ್ ಎತ್ತಿ, ನನಗೂ ಕೇಳಲೆಂದು ಸ್ಪೀಕರ್ ಹಾಕುತ್ತಾರೆ.

"ಏನಮ್ಮ, ತಿಂಡಿ ಆಯ್ತಾ?"

"ಆಯ್ತು ಮಾವ. ಏನು, ಕೆಂಪಾ?"

"ಕೆಂಪು. ಮೂರು ಕಡೆ. ಬೇರೆ ಮೆಷೀನಲ್ಲೂ ಹಾಕಿ ನೋಡ್ದೆ. ಈ ಸಲ ತಪ್ಪು ನಿಮ್ಮದೇ ಕಣಮ್ಮ."

ಆ ಕಡೆಯಿಂದ ಜೋರು ನಗು. "ನೀವೇ ಹೇಳಿದ ಮೇಲೆ ಇನ್ನೇನು ಮಾವ. ಸಾಲು ಹೇಳಿ, ಸಂಜೆ ಮನೆಗೆ ಹೋಗಿ ಸರಿ ಮಾಡಿ ಕಳಿಸ್ತೀನಿ."

ಮಾವ ಸಾಲು ಹೇಳಿ ಫೋನ್ ಇಡುತ್ತಾರೆ. ಮುಖ ಅರಳಿದೆ. ನನ್ನ ಪುಸ್ತಕದ ಕಡೆ ಬೆರಳು ತೋರಿಸಿ, "ಬರ್ಕೊಳ್ಳೋದಿದ್ರೆ ಇದನ್ನ ಬರ್ಕೊಳ್ಳಿ" ಎನ್ನುತ್ತಾರೆ. "ತಪ್ಪು ನಿಮ್ಮದು ಅಂದೆ, ಆ ಹುಡುಗಿ ನಕ್ಕಳು."